ಎರಡು ತುದಿಗಳಲ್ಲಿ ಹೊಗೆ, ನಡುವೆ ಹೇಸರಗತ್ತೆ: ಈರಿ ಕಾಲುವೆಯ ಕಥೆ

ನಾನು ಬೆಳೆದದ್ದು ವಿಶ್ವೇಶ್ವರಯ್ಯ ನಾಲೆಯ ಬದಿಯ ಊರಿನಲ್ಲಿ. ನಾಲೆ ಎಂದರೆ ನಮಗೆ ಗದ್ದೆಗೆ ನೀರು, ಕಬ್ಬಿಗೆ ನೀರು, ಬೇಸಿಗೆಯಲ್ಲಿ ಈಜು. ನೀರು ಬಿಡುವ ದಿನ ಮತ್ತು ನಿಲ್ಲಿಸುವ ದಿನ, ಇವೆರಡರ ಮೇಲೆಯೇ ಊರಿನ ಪಂಚಾಂಗ ನಿಂತಿತ್ತು. ಆ ನೀರಿನ ಮೇಲೆ ಭತ್ತದ ಮೂಟೆಗಳನ್ನು ತೇಲಿಸಿಕೊಂಡು ಪೇಟೆಗೆ ಒಯ್ಯಬಹುದು ಎಂದು ಯಾರಾದರೂ ಹೇಳಿದ್ದನ್ನು ನಾನು ಕೇಳಿಲ್ಲ. ಆದ್ದರಿಂದ ಇಂದಿನ ಸಂಜೆಯ ಮಟ್ಟಿಗೆ ತಾವು ಕಾಲುವೆ ಎಂಬ ಮಾತನ್ನು ಬೇರೆ ಅರ್ಥದಲ್ಲಿ ಕೇಳಿಸಿಕೊಳ್ಳಬೇಕೆಂದು ಕೋರುತ್ತೇನೆ. ಇದು ಹೊಲಕ್ಕೆ ನೀರು ಹರಿಸುವ ಕಾಲುವೆಯಲ್ಲ. ನೀರನ್ನು ನಿಲ್ಲಿಸಿಕೊಂಡು, ಅದನ್ನೇ ರಸ್ತೆ ಮಾಡಿಕೊಂಡ ಕಾಲುವೆ.

ಕಥೆ ಆರಂಭವಾಗುವುದು ಒಂದು ಜೈಲಿನಲ್ಲಿ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಪಶ್ಚಿಮಕ್ಕೆ ಕ್ಯಾನನ್‌ಡೇಗ್ವಾ ಎಂಬ ಊರಿದೆ. ಜೆಸ್ಸಿ ಹಾಲಿ ಎಂಬ ಹಿಟ್ಟಿನ ವ್ಯಾಪಾರಿ ಸಾಲ ತೀರಿಸಲಾರದೆ ಅಲ್ಲಿಯ ಜೈಲು ಸೇರಿದ್ದ. ಆ ಸೀಮೆಯಲ್ಲಿ ಗೋಧಿ ಚೆನ್ನಾಗಿ ಬೆಳೆಯುತ್ತಿತ್ತು, ಬೀಸಲು ಗಿರಣಿಗಳಿದ್ದವು, ನ್ಯೂಯಾರ್ಕ್ ನಗರದಲ್ಲಿ ಕೊಳ್ಳುವವರೂ ಇದ್ದರು. ಇಲ್ಲದ್ದು ದಾರಿ ಮಾತ್ರ. ಇದ್ದ ದಾರಿಯಲ್ಲಿ ಹಿಟ್ಟು ಸಾಗಿಸುವ ಖರ್ಚೇ ಅವನನ್ನು ಮುಳುಗಿಸಿತ್ತು. ಸೆರೆಯಲ್ಲಿ ಕುಳಿತು 1807 ಮತ್ತು 1808ರಲ್ಲಿ ಅವನು 'ಹರ್ಕ್ಯುಲಿಸ್' ಎಂಬ ಗುಪ್ತನಾಮದಿಂದ ಸ್ಥಳೀಯ ಪತ್ರಿಕೆಗೆ ಹದಿನಾಲ್ಕು ಲೇಖನಗಳನ್ನು ಬರೆದ. ಈರಿ ಸರೋವರದಿಂದ ಹಡ್ಸನ್ ನದಿಯವರೆಗೆ ಕಾಲುವೆ ತೋಡಬೇಕು, ಅದು ಹೀಗೆ ಹೀಗೆ ಹೋಗಬೇಕು, ಇಷ್ಟು ಖರ್ಚಾಗಬಹುದು ಎಂದು ಲೆಕ್ಕ ಹಾಕಿದ. ದಿವಾಳಿಯಾದವನೊಬ್ಬ ತನ್ನ ಕಷ್ಟದ ಮೂಲವನ್ನು ಇಷ್ಟು ತಣ್ಣಗೆ ಹುಡುಕಿ ಬರೆದದ್ದು ನನಗೆ ಈಗಲೂ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಅದೇ 1807ರ ಆಗಸ್ಟ್ 17ರಂದು, ಅದೇ ರಾಜ್ಯದ ಇನ್ನೊಂದು ತುದಿಯಲ್ಲಿ, ರಾಬರ್ಟ್ ಫುಲ್ಟನ್ ಹೊಗೆ ಉಗುಳುವ ಒಂದು ದೋಣಿಯನ್ನು ಹಡ್ಸನ್ ನದಿಗೆ ಇಳಿಸಿದ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಬೋಲ್ಟನ್ ಮತ್ತು ವಾಟ್ ಕಾರ್ಖಾನೆಯಿಂದ ತರಿಸಿದ ಉಗಿಯಂತ್ರ ಅದರ ಎರಡು ಬದಿಯ ಚಕ್ರಗಳನ್ನು ತಿರುಗಿಸುತ್ತಿತ್ತು. ನ್ಯೂಯಾರ್ಕಿನಿಂದ ಆಲ್ಬನಿಗೆ 150 ಮೈಲಿ, ಪ್ರವಾಹಕ್ಕೆ ಎದುರಾಗಿ. ಹಾಯಿ ದೋಣಿಗಳು ಗಾಳಿಯ ಮರ್ಜಿ ಕಾಯುತ್ತಾ ನಾಲ್ಕು ದಿನವೋ ಒಂದು ವಾರವೋ ತೆಗೆದುಕೊಳ್ಳುತ್ತಿದ್ದ ದಾರಿಯನ್ನು ಅದು 32 ಗಂಟೆಯ ಓಟದಲ್ಲಿ ಮುಗಿಸಿತು. ಗಂಟೆಗೆ ಐದು ಮೈಲಿಯೂ ಇಲ್ಲದ ವೇಗ. ಹುರುಪಿನಿಂದ ನಡೆಯುವವನು ದಡದಲ್ಲಿ ಸ್ವಲ್ಪ ಹೊತ್ತು ಅದರ ಜೊತೆಗೇ ಹೋಗಬಹುದಿತ್ತು. ಆದರೆ ದೋಣಿ ಇಷ್ಟು ಗಂಟೆಗೆ ಹೊರಟು ಇಷ್ಟು ಗಂಟೆಗೆ ತಲುಪುತ್ತದೆ ಎಂದು ಹೇಳಲು ಸಾಧ್ಯವಾದದ್ದು ಅಂದಿನಿಂದ. ವ್ಯಾಪಾರಿಗೆ ವೇಗದಷ್ಟೇ ಬೆಲೆಯುಳ್ಳದ್ದು ಈ ಖಾತರಿ.

ಒಂದೇ ವರ್ಷದಲ್ಲಿ ಒಂದು ಕಡೆ ಉಗಿದೋಣಿ, ಇನ್ನೊಂದು ಕಡೆ ಕಾಲುವೆಯ ಕನಸು. ನಾವು ಸಾಮಾನ್ಯವಾಗಿ ಇವನ್ನು ಬೇರೆ ಬೇರೆ ಅಧ್ಯಾಯಗಳಲ್ಲಿ ಓದುತ್ತೇವೆ: ಮೊದಲು ಕಾಲುವೆಗಳು ಬಂದವು, ನಂತರ ಉಗಿ ಬಂದು ಅವನ್ನು ಓಡಿಸಿತು ಎಂದು. ನ್ಯೂಯಾರ್ಕಿನಲ್ಲಿ ನಡೆದದ್ದು ಹಾಗಲ್ಲ. ಅಲ್ಲಿ ಅವೆರಡೂ ಒಂದೇ ದಾರಿಯ ತುಂಡುಗಳು. ಇಂದು ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ.

ಮೊದಲು ಆ ನೆಲದ ರೂಪ ನೋಡೋಣ. ಅಮೆರಿಕದ ಪೂರ್ವ ಕರಾವಳಿಗೂ ಒಳನಾಡಿಗೂ ನಡುವೆ ಅಪಲೇಚಿಯನ್ ಬೆಟ್ಟಸಾಲು ನಮ್ಮ ಪಶ್ಚಿಮ ಘಟ್ಟದ ಹಾಗೆ ಉದ್ದಕ್ಕೆ ನಿಂತಿದೆ. ಅದು ಬಾಗಿ ದಾರಿ ಬಿಡುವುದು ಮೊಹಾಕ್ ನದಿಯ ಕಣಿವೆಯಲ್ಲಿ. ಹಡ್ಸನ್ ನದಿಯಲ್ಲಿ ಆಲ್ಬನಿಯವರೆಗೆ ಬಂದರೆ ಅಲ್ಲಿಂದ ಮೊಹಾಕ್ ಕಣಿವೆ ಹಿಡಿದು ಪಶ್ಚಿಮಕ್ಕೆ ಹೋಗಬಹುದು, ಮುಂದೆ ಈರಿ ಸರೋವರ, ಅದರಾಚೆ ಮಹಾ ಸರೋವರಗಳ ಸುತ್ತಲಿನ ಫಲವತ್ತಾದ ಬಯಲು. ಆದರೆ ಮೊಹಾಕ್ ನದಿಯಲ್ಲಿ ಜಲಪಾತಗಳಿವೆ, ಕಲ್ಲುಬಂಡೆಗಳಿವೆ. ದೋಣಿಯಿಂದ ಸರಕು ಇಳಿಸಿ, ಹೊತ್ತು, ಮತ್ತೆ ತುಂಬಬೇಕಿತ್ತು. ಈರಿ ಸರೋವರದ ದಡದ ಬಫಲೋ ಊರಿನಿಂದ ನ್ಯೂಯಾರ್ಕಿಗೆ ಒಂದು ಟನ್ ಸರಕು ತರಲು ಸುಮಾರು 100 ಡಾಲರ್ ಬೇಕಾಗುತ್ತಿತ್ತು. ಇದು ಗೋಧಿಯ ಬೆಲೆಯ ಮೂರು ಪಟ್ಟು. ಹಾಗಾಗಿ ಒಳನಾಡಿನ ರೈತ ಧಾನ್ಯವನ್ನು ಮಾರುತ್ತಿರಲಿಲ್ಲ. ಹಂದಿಗೆ ಹಾಕುತ್ತಿದ್ದ, ಇಲ್ಲವೇ ಬಟ್ಟಿ ಇಳಿಸಿ ವಿಸ್ಕಿ ಮಾಡುತ್ತಿದ್ದ. ಹಂದಿ ತಾನೇ ನಡೆದು ಪೇಟೆಗೆ ಹೋಗುತ್ತದೆ, ಒಂದು ಪೀಪಾಯಿ ಮದ್ಯ ತನ್ನ ಸಾಗಣೆಯ ಖರ್ಚನ್ನು ತಾನೇ ಹೊರುತ್ತದೆ. ಒಂದು ಮೂಟೆ ಗೋಧಿಗೆ ಅದು ಸಾಧ್ಯವಿರಲಿಲ್ಲ.

ಈಗ ಒಂದು ಪ್ರಶ್ನೆ ಬರಬೇಕು. ಉಗಿದೋಣಿ ಆಗಲೇ ಬಂದಿತ್ತಲ್ಲ, ಕಾಲುವೆಯಲ್ಲಿಯೂ ಅದನ್ನೇ ಏಕೆ ಓಡಿಸಲಿಲ್ಲ? ಉತ್ತರ ನೀರಿನ ಸ್ವಭಾವದಲ್ಲಿದೆ. ನಿಂತ ನೀರಿನಲ್ಲಿ ನಿಧಾನವಾಗಿ ಚಲಿಸುವ ದೋಣಿಗೆ ತಡೆ ತೀರಾ ಕಡಿಮೆ. ಕೆಸರಿನ ರಸ್ತೆಯಲ್ಲಿ ಒಂದೆರಡು ಟನ್ ಎಳೆಯಲು ಏದುಸಿರು ಬಿಡುವ ಎರಡು ಮೂರು ಪ್ರಾಣಿಗಳು ಕಾಲುವೆಯ ದಂಡೆಯ ಮೇಲೆ ನಡೆಯುತ್ತಾ 30 ಟನ್ನಿನ ದೋಣಿಯನ್ನು ಹಗ್ಗದಲ್ಲಿ ಎಳೆದೊಯ್ಯುತ್ತವೆ. ಆದರೆ ವೇಗ ಇಮ್ಮಡಿಯಾದರೆ ತಡೆ ಸುಮಾರು ನಾಲ್ಮಡಿಯಾಗುತ್ತದೆ. ಅಷ್ಟೇ ಅಲ್ಲ, ವೇಗದ ದೋಣಿ ಎಬ್ಬಿಸುವ ಅಲೆ ಮಣ್ಣಿನ ದಂಡೆಯನ್ನು ಕೊರೆಯುತ್ತದೆ. ಕೇವಲ 40 ಅಡಿ ಅಗಲ, 4 ಅಡಿ ಆಳದ ಕಾಲುವೆಯಲ್ಲಿ ಉಗಿದೋಣಿಯ ಚಕ್ರ ತಿರುಗಿದರೆ ದಂಡೆ ಉಳಿಯುವುದು ಕಷ್ಟ. ಹಾಗಾಗಿ ಗಂಟೆಗೆ ನಾಲ್ಕು ಮೈಲಿಗಿಂತ ವೇಗವಾಗಿ ಹೋಗಬಾರದೆಂದು ನಿಯಮವೇ ಇತ್ತು. ವಿಶಾಲ ನದಿ, ಅಲೆಯ ಸರೋವರ, ಎದುರು ಪ್ರವಾಹ, ಇವು ಉಗಿಯ ರಾಜ್ಯ. ಇಕ್ಕಟ್ಟಾದ ನಿಂತ ನೀರು ಹೇಸರಗತ್ತೆಯ ರಾಜ್ಯ. ಯಾವ ನೀರಿಗೆ ಯಾವ ಬಲ ಎಂಬ ಈ ವಿವೇಚನೆ ಆ ಕಾಲದ ಜನರಿಗೆ ಸ್ಪಷ್ಟವಾಗಿತ್ತು.

ಕಾಲುವೆ ಸುಲಭವಾಗಿ ಬರಲಿಲ್ಲ. ಅಧ್ಯಕ್ಷ ಜೆಫರ್ಸನ್ ಅವರ ಬಳಿ 1809ರಲ್ಲಿ ಈ ವಿಷಯ ತೆಗೆದಾಗ, ಇನ್ನು ನೂರು ವರ್ಷ ಕಳೆದ ಮೇಲೆ ಆಗಬಹುದು, ಈಗ ಇದನ್ನು ಯೋಚಿಸುವುದು ಹೆಚ್ಚುಕಡಿಮೆ ಹುಚ್ಚು ಎಂಬರ್ಥದ ಮಾತು ಬಂತು. ಕೇಂದ್ರದ ಹಣವೂ ಸಿಗಲಿಲ್ಲ. ರಸ್ತೆ ಕಾಲುವೆಗಳಿಗೆ ನೆರವು ನೀಡುವ ಮಸೂದೆಯನ್ನು ಅಧ್ಯಕ್ಷ ಮ್ಯಾಡಿಸನ್ 1817ರ ಮಾರ್ಚ್‌ನಲ್ಲಿ ತಿರಸ್ಕರಿಸಿದರು. ಮರುತಿಂಗಳೇ ನ್ಯೂಯಾರ್ಕ್ ರಾಜ್ಯ ತಾನೇ ಕಟ್ಟುತ್ತೇನೆಂದು ಶಾಸನ ಮಾಡಿತು. ಅದರ ಹಿಂದಿದ್ದವರು ಡಿವಿಟ್ ಕ್ಲಿಂಟನ್, ಅದೇ ವರ್ಷ ರಾಜ್ಯದ ಗವರ್ನರ್ ಆದವರು. ವಿರೋಧಿಗಳು ಇದನ್ನು 'ಕ್ಲಿಂಟನ್ನನ ಹಳ್ಳ' ಎಂದು ಕರೆದರು. ಹಣ ಬಂದದ್ದು ಸಾಲಪತ್ರಗಳಿಂದ, ಜೊತೆಗೆ ತೆರಿಗೆಗಳಿಂದ. ಆ ತೆರಿಗೆಗಳಲ್ಲಿ ಒಂದು ಉಪ್ಪಿನ ಮೇಲಿನದು. ಸಾಲಪತ್ರಗಳನ್ನು ಮೊದಮೊದಲು ಕೊಂಡವರಲ್ಲಿ ದೊಡ್ಡ ಸಾಹುಕಾರರು ಕಡಿಮೆ. ದುಡಿಯುವ ಜನ ತಮ್ಮ ಚಿಲ್ಲರೆ ಹಣ ಇಡುತ್ತಿದ್ದ ನ್ಯೂಯಾರ್ಕಿನ ಉಳಿತಾಯ ಬ್ಯಾಂಕು ಅವನ್ನು ಕೊಂಡಿತು. ಇಂಗ್ಲೆಂಡಿನ ಹಣವಂತರು ಧೈರ್ಯ ಮಾಡಿದ್ದು ಕಾಲುವೆ ಕಣ್ಣಿಗೆ ಕಾಣತೊಡಗಿದ ಮೇಲೆ.

1817ರ ಜುಲೈ 4ರಂದು ಗುದ್ದಲಿ ಬಿದ್ದದ್ದು ರೋಮ್ ಎಂಬ ಊರಿನಲ್ಲಿ. ಅದು ಕಾಲುವೆಯ ಆರಂಭವೂ ಅಲ್ಲ, ಕೊನೆಯೂ ಅಲ್ಲ, ನಡುವೆ. ಏಕೆಂದರೆ ಅಲ್ಲಿ ಹತ್ತಾರು ಮೈಲಿ ನೆಲ ಸಮತಟ್ಟು, ಒಂದೂ ಲಾಕ್ ಬೇಕಿಲ್ಲ. ಸುಲಭವಾದದ್ದನ್ನು ಮೊದಲು ಮುಗಿಸಿ ನೀರು ತುಂಬಿ ದೋಣಿ ಬಿಟ್ಟು ತೋರಿಸಿದರೆ ಜನ ನಂಬುತ್ತಾರೆ. 1819ರ ಅಕ್ಟೋಬರಿನಲ್ಲಿ ರೋಮ್‌ನಿಂದ ಯೂಟಿಕಾಗೆ ಮೊದಲ ದೋಣಿ ಹೋಯಿತು. ಯೋಜನೆ ಮಾಡುವವರು ಕಲಿಯಬೇಕಾದ ಜಾಣ್ಮೆ ಇದು ಎಂದು ನನ್ನ ಅಭಿಪ್ರಾಯ.

ಲಾಕ್ ಎಂದರೆ ಏನೆಂದು ಇಲ್ಲಿ ಹೇಳಬೇಕು. ಎರಡು ಕಡೆ ಬಾಗಿಲಿರುವ ಕಲ್ಲಿನ ತೊಟ್ಟಿ ಎಂದುಕೊಳ್ಳಿ, 90 ಅಡಿ ಉದ್ದ, 15 ಅಡಿ ಅಗಲ. ದೋಣಿ ಕೆಳಗಿನ ಬಾಗಿಲಿನಿಂದ ಒಳಗೆ ಬರುತ್ತದೆ, ಬಾಗಿಲು ಮುಚ್ಚುತ್ತಾರೆ, ಮೇಲಿನ ಕಾಲುವೆಯಿಂದ ತೊಟ್ಟಿಗೆ ನೀರು ಬಿಡುತ್ತಾರೆ. ನೀರು ಏರಿದಂತೆ ದೋಣಿಯೂ ಏರುತ್ತದೆ. ಮೇಲಿನ ಮಟ್ಟಕ್ಕೆ ಬಂದಾಗ ಮೇಲಿನ ಬಾಗಿಲು ತೆರೆದರೆ ಮುಂದಕ್ಕೆ ಪ್ರಯಾಣ. ಯಂತ್ರವಿಲ್ಲ, ಉಗಿಯಿಲ್ಲ, ನೀರಿನ ಭಾರವೇ ಎಲ್ಲವನ್ನೂ ಮಾಡುತ್ತದೆ. ಈರಿ ಸರೋವರ ಆಲ್ಬನಿಯ ಹಡ್ಸನ್ ನದಿಗಿಂತ ಸುಮಾರು 570 ಅಡಿ ಎತ್ತರದಲ್ಲಿದೆ. 363 ಮೈಲಿಯ ದಾರಿಯಲ್ಲಿ 83 ಲಾಕ್‌ಗಳು. ಲಾಕ್‌ಪೋರ್ಟ್ ಎಂಬಲ್ಲಿ ನಯಾಗರಾ ಜಲಪಾತವಿರುವ ಅದೇ ಬಂಡೆಯ ಅಂಚನ್ನು ಏರಲು ಮೆಟ್ಟಿಲಿನ ಹಾಗೆ ಐದು ಲಾಕ್‌ಗಳನ್ನು ಒಂದರ ಮೇಲೊಂದು ಕಟ್ಟಿದರು. ಒಂದು ಸಾಲು ಏರುವವರಿಗೆ, ಪಕ್ಕದ ಸಾಲು ಇಳಿಯುವವರಿಗೆ.

ಇಷ್ಟನ್ನೂ ಕಟ್ಟಿದವರಲ್ಲಿ ಎಂಜಿನಿಯರಿಂಗ್ ಓದಿದವರು ಇರಲಿಲ್ಲ. ಮುಖ್ಯಸ್ಥರಾಗಿದ್ದ ಬೆಂಜಮಿನ್ ರೈಟ್ ಮತ್ತು ಜೇಮ್ಸ್ ಗೆಡ್ಡೆಸ್ ಇಬ್ಬರೂ ಸ್ಥಳೀಯ ನ್ಯಾಯಾಧೀಶರಾಗಿದ್ದವರು, ಜಮೀನಿನ ಅಳತೆ ಬಲ್ಲವರು. ಅವರ ಸಹಾಯಕ ಕ್ಯಾನ್ವಸ್ ವೈಟ್ ಎಂಬ ತರುಣ ಇಂಗ್ಲೆಂಡಿಗೆ ಹೋಗಿ ಕಾಲುವೆಗಳ ದಂಡೆಯ ಮೇಲೆ ನೂರಾರು ಮೈಲಿ ನಡೆದು, ಪ್ರತಿಯೊಂದು ಲಾಕ್, ಹೊಳೆ ಹಳ್ಳಗಳ ಮೇಲೆ ಕಾಲುವೆಯನ್ನು ದಾಟಿಸುವ ಪ್ರತಿಯೊಂದು ಮೇಲ್ಗಾಲುವೆಯನ್ನು ನೋಡಿ ಚಿತ್ರ ಬರೆದುಕೊಂಡು ಬಂದ. ಅವನ ಕೊಡುಗೆಯಲ್ಲಿ ನನಗೆ ಬಹಳ ಪ್ರಿಯವಾದದ್ದು ಗಾರೆ. ಸಾಮಾನ್ಯ ಸುಣ್ಣದ ಗಾರೆ ನೀರಿನೊಳಗೆ ಗಟ್ಟಿಯಾಗುವುದಿಲ್ಲ, ಕರಗಿ ಹೋಗುತ್ತದೆ. ನೀರಿನಲ್ಲೇ ಗಟ್ಟಿಯಾಗುವ ಗಾರೆಯನ್ನು ಯುರೋಪಿನಿಂದ ತರಿಸಿದರೆ ವೆಚ್ಚ ಹೇಳತೀರದು. 1818ರಲ್ಲಿ ಕಾಲುವೆಯ ಹಾದಿಯಲ್ಲೇ ಇದ್ದ ಚಿಟ್ಟನಾಂಗೋ ಎಂಬಲ್ಲಿ ಅಂಥ ಗಾರೆಗೆ ಒದಗುವ ಸುಣ್ಣಕಲ್ಲು ಸಿಕ್ಕಿತು. ವೈಟ್ ಅದನ್ನು ಸುಟ್ಟು, ಪುಡಿ ಮಾಡಿ, ಪರೀಕ್ಷಿಸಿ, 1820ರಲ್ಲಿ ಪೇಟೆಂಟ್ ಪಡೆದ. ಗುತ್ತಿಗೆದಾರರು ಅದನ್ನು ಬಳಸಿದರೇ ಹೊರತು ಅವನಿಗೆ ಸಲ್ಲಬೇಕಾದ ಹಣ ಸಲ್ಲಲಿಲ್ಲ. ನಮ್ಮ ಕನ್ನಂಬಾಡಿ ಅಣೆಕಟ್ಟೆಯನ್ನು ಸುಣ್ಣ ಮತ್ತು ಇಟ್ಟಿಗೆಪುಡಿಯ ಸುರ್ಕಿ ಗಾರೆಯಲ್ಲಿ ಕಟ್ಟಿದ್ದನ್ನು ನೆನೆದರೆ, ಸಿಮೆಂಟ್ ಸುಲಭವಾಗಿ ಸಿಗದ ಕಾಲದ ಜನ ಕೈಗೆಟಕುವ ಕಲ್ಲುಮಣ್ಣನ್ನು ಎಷ್ಟು ಎಚ್ಚರದಿಂದ ಅರಿತಿದ್ದರು ಎಂಬುದು ತಮಗೂ ಹೊಳೆಯುತ್ತದೆ.

ಕೂಲಿಗಳ ಮಾತನ್ನು ಬಿಟ್ಟರೆ ಈ ಕಥೆ ಸುಳ್ಳಾಗುತ್ತದೆ. ಸ್ಥಳೀಯ ರೈತರು, ಐರ್ಲೆಂಡಿನಿಂದ ಬಂದ ಬಡವರು ಗುದ್ದಲಿ, ಪಿಕಾಸಿ, ಸಿಡಿಮದ್ದು ಹಿಡಿದು ಕಾಡು ಕಡಿದು ಬಂಡೆ ಒಡೆದರು. 1819ರ ಬೇಸಿಗೆಯಲ್ಲಿ ಮಾಂಟೆಜುಮಾ ಜೌಗಿನಲ್ಲಿ ಸುಮಾರು ಸಾವಿರ ಜನ ಚಳಿಜ್ವರದಿಂದ ಬಿದ್ದರು, ಅನೇಕರು ಸತ್ತರು. ಸೊಳ್ಳೆಯೇ ಕಾರಣ ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಜೌಗು ಹೆಪ್ಪುಗಟ್ಟುವ ಚಳಿಗಾಲದಲ್ಲಿ ಕೆಲಸ ಮುಂದುವರಿಯಿತು. ಮುಂದೆ ದೋಣಿಗಳು ಓಡತೊಡಗಿದ ಮೇಲೆ ಹೇಸರಗತ್ತೆಗಳ ಹಿಂದೆ ಹಗಲಿರುಳು ನಡೆದವರಲ್ಲಿ ಬಹಳಷ್ಟು ಜನ ಹುಡುಗರು. ತಂದೆತಾಯಿಯಿಲ್ಲದವರು ಅವರಲ್ಲಿ ಅನೇಕರು. ಹಂಗಾಮಿನ ಕೊನೆಗೆ ಸಿಗಬೇಕಾದ ಕೂಲಿ ಕೈಗೆ ಬಾರದೆ ಬೀದಿಪಾಲಾದ ಹುಡುಗರೂ ಇದ್ದರು.

ಇನ್ನೂ ಒಂದು ನೋವಿನ ಮಾತಿದೆ. ಮೊಹಾಕ್ ಕಣಿವೆಯ ಈ ದಾರಿಯನ್ನು ಶತಮಾನಗಳಿಂದ ಬಲ್ಲವರು ಹೌಡೆನೊಶೋನಿ ಒಕ್ಕೂಟದ ಮೂಲನಿವಾಸಿಗಳು. ರೋಮ್ ಬಳಿ ಒಂದು ನದಿಯಿಂದ ಇನ್ನೊಂದಕ್ಕೆ ದೋಣಿ ಹೊತ್ತು ದಾಟುವ ಜಾಗ ಅವರದೇ. ಕಾಲುವೆ ಬರುವ ಮೊದಲೇ ಒಪ್ಪಂದಗಳ ಹೆಸರಿನಲ್ಲಿ ಅವರ ಬಹುಪಾಲು ನೆಲ ಹೋಗಿತ್ತು. ಕಾಲುವೆ ಬಂದ ಮೇಲೆ ಉಳಿದ ನೆಲದ ಮೇಲೂ ಒತ್ತಡ ಹೆಚ್ಚಿತು. 1825ರ ಅಕ್ಟೋಬರ್ 26ರಂದು ಉದ್ಘಾಟನೆಗೆ ಗವರ್ನರ್ ಕ್ಲಿಂಟನ್ ಬಫಲೋದಿಂದ ಹೊರಟ ದೋಣಿಯ ಹೆಸರು 'ಸೆನೆಕಾ ಚೀಫ್', ಅದೇ ಒಕ್ಕೂಟದ ಸೆನೆಕಾ ಜನರ ಮುಖಂಡ ಎಂದು. ಮೆರವಣಿಗೆಯ ಇನ್ನೊಂದು ದೋಣಿಯಲ್ಲಿ ಕರಡಿ, ಹದ್ದು, ಜಿಂಕೆಮರಿಗಳ ಜೊತೆ ಇಬ್ಬರು ಸೆನೆಕಾ ಹುಡುಗರನ್ನೂ ಪ್ರದರ್ಶನಕ್ಕೆಂದು ಕೂರಿಸಿದ್ದರು. ಆ ದೃಶ್ಯವನ್ನು ನೆನೆದಾಗ ನನಗೆ ಉತ್ಸವದ ಸದ್ದು ಕೇಳಿಸುವುದಿಲ್ಲ.

ಉತ್ಸವವಂತೂ ಭಾರಿಯಾಗಿತ್ತು. ದಾರಿಯುದ್ದಕ್ಕೂ ಫಿರಂಗಿಗಳನ್ನು ನಿಲ್ಲಿಸಿದ್ದರು. ಒಂದರ ಸದ್ದು ಕೇಳಿ ಇನ್ನೊಂದು ಹಾರಿಸುತ್ತಾ, ಕಾಲುವೆ ತೆರೆಯಿತೆಂಬ ಸುದ್ದಿ ಸುಮಾರು ಒಂದೂವರೆ ಗಂಟೆಯಲ್ಲಿ ಬಫಲೋದಿಂದ ನ್ಯೂಯಾರ್ಕ್ ಮುಟ್ಟಿತು. ಆಲ್ಬನಿಯವರೆಗೆ ಕ್ಲಿಂಟನ್ನರ ದೋಣಿಯನ್ನು ಪ್ರಾಣಿಗಳು ಎಳೆದವು. ಅಲ್ಲಿಂದ ಹಡ್ಸನ್‌ನಲ್ಲಿ ಅದನ್ನು ಎಳೆದೊಯ್ದದ್ದು ಉಗಿದೋಣಿಗಳು. ನವೆಂಬರ್ 4ರಂದು ನ್ಯೂಯಾರ್ಕಿನಲ್ಲಿ ಕ್ಲಿಂಟನ್ ಈರಿ ಸರೋವರದ ನೀರಿನ ಪೀಪಾಯಿಯನ್ನು ಅಟ್ಲಾಂಟಿಕ್ ಸಮುದ್ರಕ್ಕೆ ಸುರಿದರು.

ಆಮೇಲೆ ಆದದ್ದನ್ನು ಕೇಳಿ. ಟನ್ನಿಗೆ ಸುಮಾರು 100 ಡಾಲರ್ ಇದ್ದ ಸಾಗಣೆ ಸುಮಾರು 10 ಡಾಲರಿಗೆ ಇಳಿಯಿತು. ಸುಂಕದ ಹಣದಿಂದಲೇ ಹತ್ತು ಹನ್ನೆರಡು ವರ್ಷಗಳಲ್ಲಿ ಕಾಲುವೆಯ 70 ಲಕ್ಷ ಡಾಲರಿನ ವೆಚ್ಚ ಹಿಂದಿರುಗಿತು. ಹಿಂದೆ ಗೋಧಿ ಕೊಳೆಯುತ್ತಿದ್ದ ಜೆನೆಸೀ ಕಣಿವೆಯಲ್ಲಿ, ನದಿಯ ಜಲಪಾತದ ಬಲದಿಂದ ತಿರುಗುವ ಗಿರಣಿಗಳ ಊರು ರಾಚೆಸ್ಟರ್ ಬೆಳೆಯಿತು. 1820ರಲ್ಲಿ ಅಲ್ಲಿದ್ದವರು ಸಾವಿರದೈನೂರು ಜನ, 1840ರಲ್ಲಿ 20,000ಕ್ಕೂ ಮೇಲೆ. ಅದಕ್ಕೆ 'ಹಿಟ್ಟಿನ ನಗರ' ಎಂದೇ ಹೆಸರಾಯಿತು. ಜೈಲಿನಲ್ಲಿ ಕುಳಿತು ಹಿಟ್ಟಿನ ವ್ಯಾಪಾರಿ ಬರೆದ ಲೆಕ್ಕ ಕಣ್ಣೆದುರಿಗೆ ನಿಂತಿತು. ನ್ಯೂಯಾರ್ಕ್ ನಗರ ಇಪ್ಪತ್ತು ವರ್ಷಗಳಲ್ಲಿ ಒಂದೂಕಾಲು ಲಕ್ಷ ಜನರಿಂದ ಮೂರು ಲಕ್ಷ ದಾಟಿತು. ಹಿಂದಿರುಗುವ ದೋಣಿಗಳು ಗಿರಣಿ ಬಟ್ಟೆ, ಗಾಜು, ಕಬ್ಬಿಣದ ಸಾಮಾನು ತಂದವು. ಒಳನಾಡಿನ ಮನೆಗಳಲ್ಲಿ ರಾಟೆ ಮಗ್ಗಗಳು ಅಟ್ಟ ಸೇರಿದವು. ಪೂರ್ವದ ನ್ಯೂ ಇಂಗ್ಲೆಂಡಿನ ಕಲ್ಲುನೆಲದ ರೈತರು ಪಶ್ಚಿಮದ ಅಗ್ಗದ ಗೋಧಿಯೆದುರು ನಿಲ್ಲಲಾರದೆ, ತಾವೇ ಅದೇ ಕಾಲುವೆ ಹತ್ತಿ ಪಶ್ಚಿಮಕ್ಕೆ ಹೊರಟರು. ಒಂದು ಕಡೆಯ ಹೊಲಕ್ಕೆ ಬೆಲೆ ಬಂದಾಗ ಇನ್ನೊಂದು ಕಡೆಯ ಹೊಲ ಬೀಳು ಬಿತ್ತು.

ಇನ್ನು ಉಗಿಯ ಪಾಲು. ಹಡ್ಸನ್ ನದಿಯಲ್ಲಿ ಉಗಿದೋಣಿ ಓಡಿಸುವ ಏಕಸ್ವಾಮ್ಯವನ್ನು ರಾಜ್ಯವು ಫುಲ್ಟನ್ ಮತ್ತು ಅವನ ಪಾಲುದಾರ ಲಿವಿಂಗ್‌ಸ್ಟನ್‌ಗೆ ಕೊಟ್ಟಿತ್ತು. 1824ರಲ್ಲಿ ಗಿಬ್ಬನ್ಸ್ ಮತ್ತು ಆಗ್ಡೆನ್ ಎಂಬ ಇಬ್ಬರು ಉಗಿದೋಣಿ ಮಾಲೀಕರ ನಡುವಿನ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಅಸಿಂಧುಗೊಳಿಸಿತು. ರಾಜ್ಯ ರಾಜ್ಯಗಳ ನಡುವಿನ ವ್ಯಾಪಾರದ ಮೇಲೆ ಅಧಿಕಾರ ಕೇಂದ್ರಕ್ಕೆ ಸೇರಿದ್ದು ಎಂದು ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ತೀರ್ಪಿತ್ತರು. ಕಾಲುವೆ ತೆರೆಯುವ ಒಂದು ವರ್ಷ ಮೊದಲೇ ಹೀಗೆ ನದಿ ಎಲ್ಲರಿಗೂ ತೆರೆದದ್ದು ಎಂಥ ಹೊಂದಾಣಿಕೆ ನೋಡಿ! ದೋಣಿಗಳು ಹೆಚ್ಚಿದವು, ದರ ಇಳಿಯಿತು. ಆಲ್ಬನಿಯ ಬಳಿ ಹೇಸರಗತ್ತೆಗಳನ್ನು ಬಿಟ್ಟು, ಹತ್ತಾರು ಕಾಲುವೆ ದೋಣಿಗಳನ್ನು ಒಟ್ಟಿಗೆ ಕಟ್ಟಿ, ಒಂದು ಉಗಿದೋಣಿ ಅವೆಲ್ಲವನ್ನೂ ನ್ಯೂಯಾರ್ಕಿಗೆ ಎಳೆದು ತರುತ್ತಿತ್ತು. ಆ ತುದಿಯಲ್ಲಿ, ಈರಿ ಸರೋವರದ ಮೇಲೆ, 1818ರಿಂದಲೇ ಉಗಿದೋಣಿ ಓಡುತ್ತಿತ್ತು. ಎರಡು ತುದಿಗಳಲ್ಲಿ ಹೊಗೆ, ನಡುವೆ ಗೊರಸಿನ ಸದ್ದು.

ಬಫಲೋದಲ್ಲಿ ಒಂದು ಗಂಟು ಉಳಿದಿತ್ತು. ಸರೋವರದ ಹಡಗಿನಿಂದ ಧಾನ್ಯವನ್ನು ಕೂಲಿಗಳು ಬೆನ್ನ ಮೇಲೆ ಹೊತ್ತು ಇಳಿಸಬೇಕಿತ್ತು. ಒಂದು ಹಡಗು ಖಾಲಿಯಾಗಲು ದಿನಗಳೇ ಬೇಕು, ಮಳೆ ಗಾಳಿ ಬಂದರೆ ಕೆಲಸ ನಿಂತಿತು. 1842ರಲ್ಲಿ ಜೋಸೆಫ್ ಡಾರ್ಟ್ ಎಂಬ ವರ್ತಕ, ರಾಬರ್ಟ್ ಡನ್‌ಬಾರ್ ಎಂಬ ಎಂಜಿನಿಯರ್ ಜೊತೆ ಸೇರಿ, ಅದಕ್ಕೊಂದು ಯಂತ್ರ ಕಟ್ಟತೊಡಗಿದ. ನಮ್ಮ ರಾಟೆಬಾವಿಯಲ್ಲಿ ಸಾಲು ಮಡಕೆಗಳು ನೀರೆತ್ತುವುದನ್ನು ನೋಡಿದವರಿಗೆ ಅದು ಕೂಡಲೇ ಅರ್ಥವಾಗುತ್ತದೆ. ಉದ್ದನೆಯ ಪಟ್ಟಿಗೆ ಸಾಲಾಗಿ ಬಕೆಟ್‌ಗಳು, ಅದನ್ನು ಹಡಗಿನ ಹೊಟ್ಟೆಗೆ ಇಳಿಬಿಟ್ಟು ಉಗಿಯಂತ್ರದಿಂದ ತಿರುಗಿಸುವುದು. ಗೋಧಿ ತಾನೇ ಮೇಲೇರಿ ಎತ್ತರದ ಕಣಜಕ್ಕೆ ಬೀಳುತ್ತದೆ, ಅಲ್ಲಿಂದ ತೂಗಿ ಕಾಲುವೆಯ ದೋಣಿಗೆ ಇಳಿಸುತ್ತಾರೆ. ಗಂಟೆಗೆ ಸಾವಿರ ಬುಷೆಲ್, ಅಂದರೆ ಸುಮಾರು 27 ಟನ್ ಗೋಧಿ. ಇದರಿಂದ ಇನ್ನೊಂದು ಬದಲಾವಣೆಯೂ ಆಯಿತು. ಇಂಥ ರೈತನ ಇಂಥ ಮೂಟೆ ಎಂಬ ಗುರುತು ಹೋಗಿ, ಎಲ್ಲ ಗೋಧಿಯೂ ಒಂದೇ ರಾಶಿಯಲ್ಲಿ ಹರಿಯುವ ಸರಕಾಯಿತು.

ರೈಲು ಬಂದಾಗ ಅದೂ ಮೊದಲು ಕಾಲುವೆಯ ಸಹಾಯಕನಾಗಿಯೇ ಬಂತು. ಆಲ್ಬನಿಯಿಂದ ಸ್ಕೆನೆಕ್ಟಡಿಯವರೆಗೆ ಕಾಲುವೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಲಾಕ್‌ಗಳು, ಪ್ರಯಾಣಿಕರಿಗೆ ಇಡೀ ದಿನ ವ್ಯರ್ಥ. 1831ರಲ್ಲಿ ಅವೆರಡು ಊರುಗಳ ನಡುವೆ 16 ಮೈಲಿಯ ಉಗಿಬಂಡಿ ಬಂತು. ಅದರ ಎಂಜಿನ್ನಿನ ಹೆಸರು 'ಡಿವಿಟ್ ಕ್ಲಿಂಟನ್'. ಮೂರು ವರ್ಷ ಹಿಂದೆ ತೀರಿಕೊಂಡಿದ್ದ, ಕಾಲುವೆಗೆ ಬಾಳು ತೇದ ಆ ಗವರ್ನರನ ಹೆಸರು. ಕಾಲುವೆಗೆ ಸಮಾನಾಂತರವಾಗಿ ಓಡುವ ರೈಲುಗಳು ಸರಕು ಒಯ್ದರೆ ಕಾಲುವೆಯ ಸುಂಕ ಕಟ್ಟಬೇಕೆಂಬ ಕಟ್ಟಳೆಯನ್ನು ರಾಜ್ಯ 1851ರವರೆಗೂ ಉಳಿಸಿಕೊಂಡಿತ್ತು. ಆಮೇಲೂ ದಶಕಗಳ ಕಾಲ ಗೋಧಿ, ಮರದ ದಿಮ್ಮಿಯಂಥ ಭಾರದ ಸರಕು ನೀರಿನ ಮೇಲೆಯೇ ಹೋಯಿತು. 1871ರಲ್ಲಿ, ಕಾಲುವೆಯಲ್ಲಿ ದಂಡೆ ಕೆಡಿಸದೆ ಉಗಿಯಿಂದ ದೋಣಿ ಓಡಿಸಿ ತೋರಿಸಿದವರಿಗೆ ಒಂದು ಲಕ್ಷ ಡಾಲರ್ ಬಹುಮಾನವನ್ನು ರಾಜ್ಯ ಸಾರಿತು. ಅಷ್ಟು ಹೊತ್ತಿಗೆ ಹೇಸರಗತ್ತೆ ಆ ನೀರನ್ನು ಅರ್ಧ ಶತಮಾನ ಆಳಿತ್ತು.

ಈ ಮಾತುಗಳನ್ನು ಉಪನ್ಯಾಸವಾಗಿ ಹೇಳಿ ಮುಗಿಸಿದ ಮೇಲೆ ಸಭೆಯಲ್ಲಿದ್ದ ಹಿರಿಯರೊಬ್ಬರು, ನಮ್ಮ ನದಿಗಳಲ್ಲಿ ಯಾರೂ ಹೀಗೆ ಯೋಚಿಸಲಿಲ್ಲವೇ ಎಂದು ಕೇಳಿದರು. ಯೋಚಿಸಿದ್ದರು. ಗೋದಾವರಿಯ ಆಣೆಕಟ್ಟು ಕಟ್ಟಿದ ಸರ್ ಆರ್ಥರ್ ಕಾಟನ್ ಅವರು ಭಾರತಕ್ಕೆ ರೈಲಿಗಿಂತ ದೋಣಿ ಓಡುವ ಕಾಲುವೆಗಳೇ ಅಗ್ಗ, ಅವು ಹೊಲಕ್ಕೂ ನೀರು ಕೊಡುತ್ತವೆ ಎಂದು ಜೀವನದುದ್ದಕ್ಕೂ ವಾದಿಸಿದರು. ಆ ಚಿಂತನೆಯ ಫಲವಾಗಿ, ನಮ್ಮ ತುಂಗಭದ್ರೆಯ ನೀರನ್ನೇ ಕರ್ನೂಲಿನ ಬಳಿಯ ಸುಂಕೇಸುಲದಲ್ಲಿ ಕಟ್ಟೆ ಕಟ್ಟಿ ತಿರುಗಿಸಿ, ಕಡಪದವರೆಗೆ ಕಾಲುವೆ ತೋಡಿದರು. ನೀರಾವರಿ ಮತ್ತು ದೋಣಿ ಸಂಚಾರ ಎರಡಕ್ಕೂ ಎಂದು. ಆದರೆ ಈರಿಯ ಬೆನ್ನಿಗೆ ವರ್ಷವಿಡೀ ತುಂಬಿರುವ ಒಂದು ಸಮುದ್ರದಂಥ ಸರೋವರವಿತ್ತು. ತುಂಗಭದ್ರೆ ಬೇಸಿಗೆಯಲ್ಲಿ ಹರಿಗೋಲು ತೇಲಿಸಲೂ ಕಷ್ಟಪಡುವ ನದಿ. ಖರ್ಚು ಏರಿತು, ಕಾಲುವೆ ತೋಡಿದ ಕಂಪನಿ ಸೋತಿತು, 1882ರಲ್ಲಿ ಸರಕಾರ ಅದನ್ನು ಕೊಂಡುಕೊಂಡಿತು.

ಅದೇ ದಶಕದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುವುದನ್ನು ಬಿಟ್ಟು, ಹೊಸ ರೈಲಿನಲ್ಲಿ ಮರ್ಮಗೋವಾ ಕಡೆ ತಿರುಗಿತು. ಪೇಟೆಯಲ್ಲಿ ಹತ್ತಿಗೆ ಕುಮಟಾ ಎಂಬ ಹೆಸರು ಉಳಿಯಿತು, ಕುಮಟಾಕ್ಕೆ ಹತ್ತಿ ಉಳಿಯಲಿಲ್ಲ. ಸುಂಕೇಸುಲದ ಕಾಲುವೆ ಇಂದಿಗೂ ಹರಿಯುತ್ತದೆ. ಅದರ ನೀರು ಹೋಗುವುದು ನಮ್ಮೂರಿನ ನಾಲೆಯ ನೀರು ಹೋಗುವಲ್ಲಿಗೇ, ಗದ್ದೆಗೆ.